ಗೌರವ್ವ ಉರ್ಫ್ ಶಾರದಾ

ನಾನು ಇಬ್ಬರಲ್ಲ, ಒಬ್ಬಳೇ ಎಂದು ಹೋದ ತಿಂಗಳು ಗಂಗಾವತಿಯಲ್ಲಿ ನೋಟರಿ ಮುಂದೆ ಪ್ರಮಾಣ ಮಾಡಿ ಬಂದೆ. ಬಾಂಡ್ ಪೇಪರಿನ ಮೇಲೆ ಸಹಿ ಮಾಡುವ ಮೊದಲು ಎರಡು ಸಲ ಓದಿದೆ. ಸುಳ್ಳೇನೂ ಬರೆದಿರಲಿಲ್ಲ. ಆದರೂ ಅದು ಪೂರ್ತಿ ಖರೆಯೋ ಅಲ್ಲವೋ ಎಂದು ಒಳಗೊಳಗೇ ಅನುಮಾನ.

ನನ್ನ ತವರು ಗಂಗಾವತಿ ತಾಲೂಕಿನ ಮರಳಿ, ಕೊಟ್ಟ ಮನೆ ಕುಕನೂರು. ಅಪ್ಪ ಅವ್ವ ಇಬ್ಬರೂ ಹೋಗಿ ವರ್ಷಗಳಾದವು. ಅವರಿಗೆ ನಾನು, ನನ್ನ ತಮ್ಮ ವಿರೂಪಣ್ಣ ಇಬ್ಬರೇ ಮಕ್ಕಳು. ಮರಳಿಯ ಗದ್ದೆ ಮಾತ್ರ ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ಸತ್ತವರು ಹೊಲದ ಒಡೆಯರಾಗಿರುವುದು ನಮ್ಮ ಕಡೆ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಈಗ ಸರಕಾರದವರು ಪೌತಿ ಖಾತೆ ಆಂದೋಲನ ಅಂತ ಹೊರಟಿದ್ದಾರೆ. ಸತ್ತವರ ಹೆಸರು ತೆಗೆದು ವಾರಸುದಾರರೆಲ್ಲರ ಹೆಸರು ಪಹಣಿಗೆ ಏರಿಸಬೇಕಂತೆ, ಆಧಾರ್ ಜೋಡಿಸಬೇಕಂತೆ. ಎಲ್ಲರದೂ ಅಂದರೆ ಹೆಣ್ಣುಮಕ್ಕಳದೂ. ಹೆಣ್ಣಿಗೆ ಸಮಪಾಲು ಎಂಬ ಕಾಯಿದೆ ಬಂದು ಎಷ್ಟೋ ಕಾಲವಾಯಿತೆಂದು ತಿಳಿದವರು ಹೇಳುತ್ತಾರೆ. ಮರಳಿಯ ತನಕ ನಡೆದುಕೊಂಡು ಬಂದಿರಬೇಕು, ಅದಕ್ಕೇ ತಡ.

ತಲಾಟಿ ಮೇಡಂ ವಿರೂಪಣ್ಣನ ಕಟ್ಟೆಗೇ ಬಂದು ಕುಳಿತು ವಂಶವೃಕ್ಷ ಕೇಳಿದರಂತೆ. ಅವರಿಗೆ ಈಗ ಗ್ರಾಮ ಆಡಳಿತಾಧಿಕಾರಿ ಎಂಬ ದೊಡ್ಡ ಹೆಸರು ಬಂದಿದೆ, ನಮ್ಮ ಬಾಯಿಗೆ ಇನ್ನೂ ಬಂದಿಲ್ಲ. ತಮ್ಮ ಇದ್ದದ್ದು ಇದ್ದ ಹಾಗೆ ಹೇಳಿದ: ಮಗಳು ಗೌರವ್ವ, ಮಗ ವಿರೂಪಾಕ್ಷಪ್ಪ. ನಾನು ಕುಕನೂರಿನಿಂದ ನನ್ನ ಆಧಾರ್ ಕಾರ್ಡಿನ ಫೋಟೋ ಕಳಿಸಿದೆ. ಮರುದಿನ ಫೋನು.

“ಅಕ್ಕಾ, ನೀ ಇಲ್ಲಂತ.”

“ಎಲ್ಲಿ ಇಲ್ಲೋ?”

“ಎಲ್ಲೂ ಇಲ್ಲಂತ. ಗೌರವ್ವಗ ಆಧಾರಿಲ್ಲ. ಶಾರದಾಗ ಆಧಾರ ಐತಿ, ಗಂಡ ಅದಾನ, ಅಪ್ಪ ಇಲ್ಲ.”

ತಪ್ಪು ಯಾರದೂ ಅಲ್ಲ. ಮದುವೆಯ ಮರುದಿನ ಅತ್ತೆಯವರು ತಾಟಿನಲ್ಲಿ ಅಕ್ಕಿ ಹರಡಿ ನನ್ನ ಹೊಸ ಹೆಸರು ಬರೆಸಿದ್ದರು. ನಮ್ಮ ನಾದಿನಿಯೂ ಗೌರವ್ವಳೇ. “ಮನ್ಯಾಗ ಇಬ್ಬರು ಗೌರವ್ವರಾದ್ರ, ಕರದಾಗ ಯಾರು ಓ ಅನ್ನಬೇಕು?” ಎಂದರು. ನ್ಯಾಯವಾದ ಮಾತು. ಹೊಸ ಸೀರೆ ಉಡಿಸಿದಂತೆ ಹೊಸ ಹೆಸರು ಉಡಿಸಿದರು, ನಾನೂ ಉಟ್ಟುಕೊಂಡೆ. ರೇಷನ್ ಕಾರ್ಡು, ಓಟಿನ ಪಟ್ಟಿ, ಎಲ್ಲದರಲ್ಲೂ ಶಾರದಾ. ಮರಳಿಯಲ್ಲಿ ಬಸ್ಸಿನಿಂದ ಇಳಿದರೆ ಮಾತ್ರ ಗೌರವ್ವ.

ಕುಕನೂರಿನ ಮಹಾಮಾಯಿಯ ಗುಡಿಯಲ್ಲಿ ಕುಂಕುಮಾರ್ಚನೆಗೆ ಕುಳಿತಾಗ ಈ ಯೋಚನೆ ಬಂತು. ತಾಯಿಗೆ ಸಾವಿರ ಹೆಸರು, ಯಾವುದರಿಂದ ಕರೆದರೂ ಆಕೆಯೇ. ಅಫಿಡವಿಟ್ ತಾ ಎಂದು ಯಾವ ಭಕ್ತರೂ ಕೇಳಿಲ್ಲ. ಆದರೆ ದೇವರ ಹೆಸರಿನಲ್ಲೂ ಇನಾಮು ಜಮೀನು ಇರುತ್ತದಲ್ಲ, ಆ ಪಹಣಿಯಲ್ಲಿ ಸಾವಿರದೊಳಗೆ ಯಾವುದನ್ನು ಬರೆಯುತ್ತಾರೋ! ಅರ್ಚನೆ ಮುಗಿಯಿತು, ನನ್ನ ಲಕ್ಷ್ಯ ಮಾತ್ರ ತಾಲೂಕು ಕಚೇರಿಯಲ್ಲೇ ಇತ್ತು.

ಖರೆ ಹೇಳಬೇಕೆಂದರೆ ನನಗೆ ಪಾಲು ಬೇಕೆಂದು ಅನ್ನಿಸಿರಲಿಲ್ಲ. ನಮ್ಮಲ್ಲಿ ಪಾಲು ಕೇಳಿದ ಅಕ್ಕನಿಗೆ ನಾಗರ ಪಂಚಮಿಗೆ ತವರಿನ ಕರೆ ಬರುವುದಿಲ್ಲ, ಕೇಳದವಳಿಗೆ ಸೀರೆ ಬರುತ್ತದೆ. ನನಗೆ ಒಂದು ವರ್ಷವೂ ತಪ್ಪಿಲ್ಲ. ಆದ್ದರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿ ಗದ್ದೆಯನ್ನೆಲ್ಲ ತಮ್ಮನಿಗೇ ಬಿಟ್ಟುಕೊಡುವುದೆಂದು ಮನಸ್ಸು ಮಾಡಿದ್ದೆ. ಯಜಮಾನರು “ನಿನ್ನ ತವರಿನ ಮಾತು, ನೀನ ನೋಡ್ಕೋ” ಅಂದರು. ಕಿವಿಯಲ್ಲಿ ಏನೂ ಊದಲಿಲ್ಲ, ಅದೊಂದು ಪುಣ್ಯ. ತೊಡಕು ಬೇರೆಯೇ ಇತ್ತು. ಬಿಟ್ಟುಕೊಡಬೇಕಾದರೂ ಮೊದಲು ನಾನು ಇರಬೇಕಲ್ಲ! ಹೀಗಾಗಿ ಇಲ್ಲವಾಗುವುದಕ್ಕೋಸ್ಕರ ಇದ್ದೇನೆಂದು ಸಾಬೀತು ಮಾಡಲು ಗಂಗಾವತಿಗೆ ಹೊರಟೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಝೆರಾಕ್ಸ್ ಅಂಗಡಿಯಲ್ಲಿ ಕರೆಂಟು ಇತ್ತು. ದೇವರು ದೊಡ್ಡವನು. ನೋಟರಿ ಕೆಲಸ ಮುಗಿಸಿಕೊಂಡು ಕಚೇರಿಗೆ ಹೋದರೆ ತಲಾಟಿ ಮೇಡಂ “ಚಿಂತಿ ಮಾಡಬ್ಯಾಡ್ರಿ, ಉರ್ಫ್ ಅಂತ ಹಾಕಿದ್ರ ಆತು” ಎಂದು ಕಂಪ್ಯೂಟರಿನಲ್ಲಿ ಬಡಿದು ವಂಶವೃಕ್ಷದ ಹಾಳೆ ಕೈಗಿತ್ತರು. ನಮ್ಮ ಸೀಮೆ ಆಳಿದ ನಿಜಾಮ ಹೋದ, ಅವನ ಕಚೇರಿಯ ಮಾತು ಉಳಿದು ನನ್ನ ಕೈ ಹಿಡಿಯಿತು. ಅಪ್ಪನ ಹೆಸರಿನ ಕೆಳಗೆ ಅಚ್ಚಾಗಿತ್ತು: ಗೌರವ್ವ ಉರ್ಫ್ ಶಾರದಾ. ಸಾಲಿ ಬಿಟ್ಟ ಮೇಲೆ ಗೌರವ್ವನ ಹೆಸರು ಯಾವ ಕಾಗದದಲ್ಲೂ ಕಂಡಿರಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ.

ಹೊರಗೆ ಬಂದ ಮೇಲೆ, ಮರಳಿಯಿಂದ ಬಂದು ಜೊತೆಗಿದ್ದ ವಿರೂಪಣ್ಣ ಚಪ್ಪಲಿ ನೋಡಿಕೊಳ್ಳುತ್ತ ಕೇಳಿದ, “ಅಕ್ಕಾ, ಬಿಡುಗಡಿ ಪತ್ರ ಮುಂದಿನ ವಾರನ ಮಾಡ್ಸಿಬಿಡೂಣು?”

ಹ್ಞೂಂ ಅನ್ನಲು ಬಾಯಿ ತೆರೆದೆ. ಬಂದ ಮಾತೇ ಬೇರೆ. “ಒಂದು ಬೆಳಿ ಬರೂತನಕ ಇರ್ಲಿ ಬಿಡಪ.”

“ಯಾಕ, ಮಾಮಾ ಏನರ ಅಂದ್ರೇನು?”

“ಇಲ್ಲ. ನನಗ ತಿಳಿವಲ್ದು, ಅದಕ್ಕ.”

ಅವನು ಬಸ್ ಸ್ಟ್ಯಾಂಡಿನ ತನಕ ಬಂದ. ಯಾವಾಗಲೂ ಬಸ್ಸು ಕದಲುವ ತನಕ ಕಿಟಕಿಯ ಕೆಳಗೆ ನಿಲ್ಲುವವನು, ಅವತ್ತು ನಿಲ್ಲಲಿಲ್ಲ. ಒಂದು ಹೆಸರಿಗಾಗಿ ಒಬ್ಬ ತಮ್ಮನನ್ನು ಕಳೆದುಕೊಂಡೆನೇ ಎಂದು ದಾರಿಯುದ್ದಕ್ಕೂ ಕಣ್ಣೀರು. ಅವತ್ತಿನಿಂದ ಫೋನಿಲ್ಲ. ನಾನೇ ಮಾಡೋಣವೆಂದರೆ ಏನು ಹೇಳಬೇಕೋ ತಿಳಿಯದು.

ಮೊನ್ನೆ ರೊಟ್ಟಿ ಬಡಿಯುತ್ತಿದ್ದಾಗ ಅವನದೇ ಫೋನು. “ಅಕ್ಕಾ, ಕಾಲುವಿಗಿ ನೀರು ಬಿಟ್ಟಾರ. ನಾಟಿಗೆ ಸೋನಾ ಹಾಕ್ಲೋ, ಆರ್‌ಎನ್‌ಆರ್ ಹಾಕ್ಲೋ?”

“ನನ್ಯಾಕ ಕೇಳ್ತಿಯೋ?”

“ಪಹಣ್ಯಾಗ ಹೆಸರು ಐತಲ್ಲ ಸಾವಕಾರ್ತಿ! ನಾಳಿ ಬೆಳಿ ಕೆಟ್ರ ನನ್ನೊಬ್ಬನ್ನ ಬೈಬ್ಯಾಡ.”

ಚುಚ್ಚಿದನೋ ನಕ್ಕನೋ ಗೊತ್ತಾಗಲಿಲ್ಲ. ಜೋಳ ತಿನ್ನುವ ಸೀಮೆಗೆ ಬಂದು ಇಷ್ಟು ವರ್ಷವಾದ ನನಗೆ ಭತ್ತದ ಜಾತಿ ಏನು ತಿಳಿಯಬೇಕು? ಆದರೂ ಗಟ್ಟಿಯಾಗಿ “ಸೋನಾ” ಅಂದೆ. “ಆತು” ಎಂದು ಇಟ್ಟ.

ಪಡಸಾಲೆಯಿಂದ ಯಜಮಾನರು ಕೇಳಿದರು, “ಯಾರ ಫೋನು?”

“ಹೊಲದ್ದರಿ.”

“ಹೊಲಕ್ಕ ಇನ್ನೂ ಮಳಿನ ಆಗಿಲ್ಲ, ಎಂಥಾ ಫೋನು?”

“ನಿಮ್ಮ ಹೊಲದ್ದಲ್ಲರಿ, ನನ್ನ ಹೊಲದ್ದು.”

ಅಂದ ಮೇಲೆ ನನಗೇ ಗಾಬರಿಯಾಯಿತು. ಹಿಟ್ಟಿನ ಕೈ ತೊಳೆದುಕೊಂಡು ದೇವರ ಮನೆಗೆ ಹೋಗಿ ಕೈ ಮುಗಿದೆ. ತಪ್ಪಾಯಿತು ಎಂದು ಮುಗಿದೆನೋ, ಉಪಕಾರವಾಯಿತು ಎಂದು ಮುಗಿದೆನೋ ನನಗಂತೂ ತಿಳಿಯದು. ತಾಯಿ ತಿಳಿದುಕೊಂಡಿರುತ್ತಾಳೆ.