ಇಪ್ಪತ್ತನಾಲ್ಕನೆಯ ರಿಂಗು

ಬೆಳಿಗ್ಗೆ ಪೇಪರು ಫ್ಯಾನಿನ ಗಾಳಿಗೆ ಹಾರದಿರಲೆಂದು ಅದರ ಮೇಲೆ ನಾನೊಂದು ಅಲ್ಯೂಮಿನಿಯಂ ರಿಂಗು ಇಡುತ್ತೇನೆ. ನೋಡುವುದಕ್ಕೆ ಕೋಡುಬಳೆಯಷ್ಟಿದೆ. ಮನೆಗೆ ಬಂದ ಒಂದು ಮಗು ಅದನ್ನು ಕಚ್ಚಿಯೂ ನೋಡಿದೆ. ಒಳಮೈಯಲ್ಲಿ ತಿರುಪಿನ ಗೀರುಗಳಿವೆ. ಅವುಗಳ ಸಂದಿಯಲ್ಲಿ ಇನ್ನೂ ಒಂದೆಳೆ ಕುಂಕುಮ ಸಿಕ್ಕಿಕೊಂಡಿದೆ. ಇವತ್ತು ಆ ರಿಂಗಿನ ಕೆಳಗೆ ಬಂದು ಕೂತ ಸುದ್ದಿ ಏನು ಗೊತ್ತೇ? ಮನುಷ್ಯರನ್ನು ಕೂರಿಸಿಕೊಂಡು ಹೋಗಬೇಕಾದ ಬಾಹ್ಯಾಕಾಶ ನೌಕೆಯ ಉಡಾವಣೆ ಇನ್ನೊಂದು ಸಲ ಮುಂದಕ್ಕೆ ಹೋಗಿದೆಯಂತೆ. ಓದಿ ನನಗೊಬ್ಬನಿಗೇ ಖುಷಿಯಾಯಿತೋ ಏನೋ. ಯಾಕೆಂದು ಹೇಳುತ್ತೇನೆ, ಕಾಫಿ ಇದ್ದರೆ ತಂದುಕೊಂಡು ಕೂತುಕೊಳ್ಳಿ.

ಬಾಗಲಕೋಟೆ ಕಡೆಯಿಂದ ಬಂದ ಹೊಸತರಲ್ಲಿ ನಾನು ರಾಜಧಾನಿಯ ಅಂಚಿನ ಗೊಟ್ಟಿಗೆರೆಯ ಒಂದು ಲೇತ್ ಶೆಡ್ಡಿನಲ್ಲಿ ಅಳತೆ ನೋಡುವ ಕೆಲಸಕ್ಕಿದ್ದೆ. ಲೇತಿನವನು ಕಡೆದು ಕೊಟ್ಟ ತುಂಡನ್ನು ಮೈಕ್ರೋಮೀಟರಿನ ಬಾಯಿಗಿಟ್ಟು ತಿರುಗಿಸುವುದು, ಸರಿಯಿದ್ದರೆ ‘ಸರಿ’ ಎಂದು ಪುಸ್ತಕದಲ್ಲಿ ಬರೆಯುವುದು, ಇಷ್ಟೇ. ಒಂದು ದಿನ ಆ ನೌಕೆಯ ಸೀಟಿನ ಕೆಳಗೆ ಕೂರುವ ಇಪ್ಪತ್ತನಾಲ್ಕು ರಿಂಗುಗಳ ಕೆಲಸ ಯಾರ್ಯಾರನ್ನೋ ದಾಟಿಕೊಂಡು ನಮ್ಮ ಶೆಡ್ಡಿಗೆ ಬಂತು. ಯಾರಿಗೂ ಹೇಳಬಾರದು ಎಂದು ಮಾಲೀಕರು ತಾಕೀತು ಮಾಡಿದರು. ಅದೇ ಸಂಜೆ ನಾನು ಬಾಡಿಗೆಗಿದ್ದ ಅರೆಕೆರೆಯ ಬೀದಿಗೆಲ್ಲ ಗೊತ್ತಾಯಿತು. ಹೇಳಿದವನು ನಾನೇ.

ರಾತ್ರಿ ಬೆಳಗಾಗುವುದರಲ್ಲಿ ನಾನು ವಿಜ್ಞಾನಿಯಾಗಿಬಿಟ್ಟೆ. ಕಟಿಂಗ್ ಶಾಪಿನ ಮಂಜು ಕತ್ತರಿ ನಿಲ್ಲಿಸಿ, “ಸಾರ್, ಮೇಲೆ ಹೋದ್ಮೇಲೆ ಶೇವಿಂಗ್ ಹೆಂಗ್ ಮಾಡ್ಕೋತಾರೆ? ಕೂದ್ಲೆಲ್ಲಾ ಮೂಗಿಗ್ ಹೋಗಲ್ವಾ?” ಎಂದ. ಮನೆ ಓನರ್ ಅಂಕಲ್‌ಗೆ ತಮ್ಮ ಸೋಲಾರ್ ಹೀಟರಿನ ಚಿಂತೆ. “ಅದೇನಾದ್ರೂ ಮೇಲಿಂದ ಬಿದ್ರೆ ನಮ್ ಟೆರೇಸ್ ಮೇಲೇ ಬೀಳತ್ತೆ, ಬರೆದಿಟ್ಕೋ” ಎಂದರು. ಎದುರುಮನೆ ಆಂಟಿ ಉಡಾವಣೆ ರಾಹುಕಾಲದಲ್ಲಿ ಬಂದರೆ ಏನು ಮಾಡುತ್ತಾರೆ ಎಂದು ಕೇಳಿದರು, ಕೇಳಿಯಾದ ಮೇಲೂ ಹೋಗದೆ ನಿಂತಿದ್ದರು. ಅವರಿಗೆ ನಿಜವಾಗಿ ಬೇಕಾಗಿದ್ದದ್ದು ಬಾತ್‌ರೂಮಿನ ವಿಷಯ. ಆ ಬೀದಿಯಲ್ಲಿ ಎಲ್ಲರಿಗೂ ಬೇಕಾಗಿದ್ದದ್ದು ಅದೇ. ಆದರೆ ಎಲ್ಲರೂ “ನಮ್ ಹುಡುಗ ಕೇಳ್ತಿದ್ದ” ಎಂದೇ ಶುರುಮಾಡುತ್ತಿದ್ದರು. ಮಕ್ಕಳೇ ಇಲ್ಲದವರೂ.

ನಾನು ಯಾರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ. ಗಡ್ಡಕ್ಕೆ, ಹೀಟರಿಗೆ, ರಾಹುಕಾಲಕ್ಕೆ, ಬಾತ್‌ರೂಮಿಗೆ, ಎಲ್ಲದಕ್ಕೂ ಉತ್ತರ ಕೊಟ್ಟೆ. ನನ್ನ ತಿಳಿವಳಿಕೆಯೆಲ್ಲ ಮೈಕ್ರೋಮೀಟರಿನ ಎರಡು ದವಡೆಗಳ ನಡುವೆ ಹಿಡಿಸುವಷ್ಟು ಮಾತ್ರ ಎನ್ನುವುದು ಅವರಿಗೇನು ಗೊತ್ತು?

ಏನೂ ಕೇಳದವರು ಒಬ್ಬರೇ, ಶೆಡ್ಡಿನ ಜಾಗದ ಒಡತಿ ರಾಮಕ್ಕ. ಗೊಟ್ಟಿಗೆರೆ ಹಳ್ಳಿಯಾಗಿದ್ದಾಗ ಅಲ್ಲಿ ಅವರದು ರಾಗಿ ಹೊಲ. ಈಗ ಅದೇ ಹೊಲದಲ್ಲಿ ಸಾಲಾಗಿ ನಾಲ್ಕು ಶೆಡ್ಡು. ಆಕೆ ನಮ್ಮ ಶೆಡ್ಡಿಗೆ ಕಾಲಿಡುತ್ತಿದ್ದದ್ದು ವರ್ಷಕ್ಕೊಂದೇ ಸಲ, ಆಯುಧಪೂಜೆಗೆ. ಅವತ್ತು ಪೂಜೆ ಆಕೆಯದೇ, ಮಾಲೀಕರು ಬರಿ ತೆಂಗಿನಕಾಯಿ ಹಿಡಿದು ನಿಲ್ಲುವವರು.

ಆ ವರ್ಷ ರಿಂಗುಗಳ ಕೆಲಸ ಮುಗಿದದ್ದು ಸರಿಯಾಗಿ ಪೂಜೆಯ ಹಿಂದಿನ ಸಂಜೆ. ಲೇತನ್ನು ತೊಳೆದು, ಒರೆಸಿ, ಚೆಂಡುಹೂವಿನ ಹಾರ ಹಾಕಿಯಾಗಿತ್ತು. ಹಾರ ಬಿದ್ದ ಮಷೀನನ್ನು ಪೂಜೆ ಮುಗಿಯುವವರೆಗೆ ಯಾರೂ ಓಡಿಸುವುದಿಲ್ಲ, ಅದು ಶೆಡ್ಡಿನ ಕಟ್ಟಳೆ. ನಾನು ಒಂದೊಂದೇ ರಿಂಗು ಅಳೆಯುತ್ತ ಹೋದೆ. ಇಪ್ಪತ್ಮೂರು ಸರಿ ಇದ್ದವು. ಇಪ್ಪತ್ತನಾಲ್ಕನೆಯದು ಕೂದಲೆಳೆಯಷ್ಟು ದಪ್ಪ. ಮೂರು ಸಲ ನೋಡಿದರೂ ಅದೇ. ಮರುದಿನ ಪೂಜೆಯಾದೊಡನೆ ನಾನು ಊರಿಗೆ ಬಸ್ಸು ಹತ್ತಬೇಕು, ರಿಂಗುಗಳನ್ನು ಒಯ್ಯಲು ಗಾಡಿ ಬರುತ್ತದೆ. ಇದನ್ನು ಇನ್ನೊಮ್ಮೆ ಕಡೆಯಬೇಕೆಂದರೆ ಹಬ್ಬ ಮುಗಿದು ಮಷೀನು ಶುರುವಾಗುವ ತನಕ ನಾನು ಕಾಯುತ್ತ ಕೂರಬೇಕು. ಮೈಕ್ರೋಮೀಟರಿನ ತುದಿಯಲ್ಲೊಂದು ಪುಟ್ಟ ತಿರುಗಣೆ ಇದೆ. ಟಕ್ ಟಕ್ ಎಂದೊಡನೆ ಕೈ ಬಿಡಬೇಕು, ಆಗ ಸಿಗುವುದೇ ನಿಜವಾದ ಅಳತೆ. ನಾಲ್ಕನೆಯ ಸಲ ನಾನು ಅದನ್ನು ಬಿಟ್ಟು, ಹಿಡಿಯನ್ನೇ ಬೆರಳಲ್ಲಿ ಬಿಗಿಯಾಗಿ ತಿರುಚಿದೆ. ದವಡೆಗಳು ಅದುಮಿದ್ದಕ್ಕೆ ಬೇಕಾದ ಅಳತೆ ಬಂತು. ‘ಸರಿ’ ಎಂದು ಬರೆದು ಮನೆಗೆ ಹೋಗಿ ಚೆನ್ನಾಗಿಯೇ ನಿದ್ದೆ ಮಾಡಿದೆ.

ಮಾರನೆಯ ದಿನ ಲೇತಿಗೆ, ಡ್ರಿಲ್ಲಿಗೆ, ಕೊನೆಗೆ ಮಾಲೀಕರ ಸ್ಕೂಟರಿಗೂ ಪೂಜೆಯಾಯಿತು. ನಾವು ಹೊರಗೆ ಬೂದುಗುಂಬಳ ಒಡೆಯುತ್ತಿದ್ದೆವು. ಒಳಗೆ ಬಂದು ನೋಡಿದರೆ ರಾಮಕ್ಕ ಟ್ರೇ ಮುಂದೆ ಕೂತು, ಎಲ್ಲ ರಿಂಗುಗಳಿಗೂ ಒಳಗೂ ಹೊರಗೂ ಅರಿಶಿನ ಕುಂಕುಮ ಬಳಿದು, ತಲೆಗೊಂದೊಂದು ಹೂವಿಡುತ್ತಿದ್ದಾರೆ! ನಾವು ಆ ರಿಂಗುಗಳನ್ನು ಕೈಗವಸು ಹಾಕಿಕೊಳ್ಳದೆ ಮುಟ್ಟುತ್ತಿರಲಿಲ್ಲ.

“ಅಯ್ಯಯ್ಯೋ ಯವ್ವಾ, ಅವಕ್ಕ ಹಚ್ಚಬ್ಯಾಡ್ರಿ!” ಎಂದು ಕೂಗಿಕೊಂಡೆ.

“ಯಾಕಪ್ಪಾ? ಇಲ್ಲೇ ಇರೋ ಮಷೀನ್‌ಗೆ ಹಚ್ಬೋದು, ಅಷ್ಟ್ ಮೇಲಕ್ ಹೋಗೋದಕ್ಕೆ ಹಚ್ಬಾರ್ದಾ?”

“ಅವು ಮನಷ್ಯಾರು ಕೂಡೂ ಸೀಟಿನ ಕೆಳಗ ಹೋಗ್ತಾವ್ರಿ. ಒಂದ್ ಕಾಳು ಧೂಳೂ ಇರಬಾರ್ದು.”

ಹೂವು ಹಿಡಿದ ಕೈ ಅಲ್ಲೇ ನಿಂತಿತು. “ಜನ ಕೂತ್ಕೋತಾರಾ? ಇದ್ರ ಮೇಲೆ?” ಎಂದರು. ಹೂವನ್ನು ಟ್ರೇ ಪಕ್ಕಕ್ಕಿಟ್ಟು, “ಅಳತೆ ನೋಡ್ದೋನು ನೀನೇ ತಾನೆ? ನೀನ್ ಕೂತ್ಕೋತೀಯಾ?” ಎಂದರು.

“ನಾ ಯಾಕ್ರೀ? ಅವ್ರು ಟ್ರೇನಿಂಗ್ ಆದವ್ರು.”

“ಟ್ರೇನಿಂಗ್ ಕೇಳ್ಲಿಲ್ಲ ನಾನು. ನಮ್ಮಲ್ಲಿ ಬಾವಿ ತೋಡೋವಾಗ ಹಗ್ಗ ಹೊಸೆದೋನೇ ಮೊದ್ಲು ಇಳೀಬೇಕಿತ್ತು. ಅವನು ಹತ್ತಿ ಬಂದ್ಮೇಲೇ ಕೂಲಿಯೋರು ಇಳೀತಿದ್ದಿದ್ದು. ಹೇಳು, ಕೂತ್ಕೋತೀಯಾ ಇಲ್ವಾ?”

ಅರೆಕೆರೆಯ ಅಷ್ಟೂ ಪ್ರಶ್ನೆಗಳಿಗೆ ತಡವರಿಸದೆ ಉತ್ತರ ಕೊಟ್ಟವನು ನಾನು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆಕೆಯೇನು ಮೈಕ್ರೋಮೀಟರ್ ಕೇಳುತ್ತಿದ್ದರೇ? ಆದರೆ ಆ ಸೀಟಿನಲ್ಲಿ ನಾನೇ ಕೂತಂತೆ, ಕೆಳಗೆ ಆ ಒಂದು ರಿಂಗು ಇದ್ದಂತೆ ಕಂಡಿತು. ಭಯಕ್ಕಿಂತ ನಾಚಿಕೆಯೇ ಹೆಚ್ಚು.

“ಇಪ್ಪತ್ಮೂರರ ಮ್ಯಾಲ ಕೂಡ್ತೀನ್ರಿ” ಎಂದೆ.

ರಾಮಕ್ಕ ಟ್ರೇಯನ್ನು ನನ್ನ ಕಡೆಗೆ ತಳ್ಳಿದರು. “ಹಂಗಾದ್ರೆ ಇನ್ನೊಂದು ತೆಗಿ.”

ಟ್ರೇಯ ಕೊನೆಯಲ್ಲಿದ್ದ ಅದನ್ನು ತೆಗೆದೆ. ಪಕ್ಕದಲ್ಲೇ ನಿಂತಿದ್ದ ಮಾಲೀಕರಿಗೆ ಹಿಂದಿನ ಸಂಜೆ ಮಾಡಿದ್ದನ್ನು ಹೇಳಿದೆ. ಅವರು ತೆಂಗಿನಕಾಯಿ ಹಿಡಿದುಕೊಂಡೇ ಬೈದರು. ಬೈಗುಳ ಮುಗಿಯುವಷ್ಟರಲ್ಲಿ ನನ್ನ ಬಸ್ಸು ಹೋಗಿತ್ತು. ಉಳಿದವನ್ನು ಸ್ಪಿರಿಟ್ಟಿನಲ್ಲಿ ತೊಳೆದು ಮತ್ತೆ ಅಳೆದೆವು, ಈ ಸಲ ಮಾಲೀಕರು ಪಕ್ಕದಲ್ಲೇ ಕೂತು ಟಕ್ ಟಕ್ ಎಣಿಸಿದರು. ಗಾಡಿ ಬರಿದೇ ವಾಪಸಾಯಿತು. ತಡವಾದುದಕ್ಕೆ ಕಾರಣ ಬರೆದುಕೊಡಿ ಎಂದು ಒಂದು ಫಾರಂ ಬಂತು. ಮೊದಲ ಸಾಲಿನಲ್ಲಿ ‘ಅರಿಶಿನ ಕುಂಕುಮ’ ಎಂದೂ, ಎರಡನೆಯದರಲ್ಲಿ ‘ನಾನು’ ಎಂದೂ ಬರೆದೆ. ಆಮೇಲೆ ಎಷ್ಟೋ ತಿಂಗಳು ನನ್ನ ಕೈಗೆ ಮೈಕ್ರೋಮೀಟರ್ ಸಿಗಲಿಲ್ಲ, ಡಬ್ಬ ಕಟ್ಟುವ ಕೆಲಸಕ್ಕೆ ಹಾಕಿದರು. ಹಬ್ಬ ಮುಗಿದ ಮೇಲೆ ಬೇರೆಯದೊಂದನ್ನೇ ಕಡೆದರು, ಆ ಇಪ್ಪತ್ತನಾಲ್ಕನೆಯದನ್ನು ತೊಳೆಯುವ ಗೋಜಿಗೆ ಯಾರೂ ಹೋಗಲಿಲ್ಲ. “ತಗೊಂಡ್ ಹೋಗು, ಪ್ರಸಾದ” ಎಂದು ಮಾಲೀಕರು ನನ್ನತ್ತ ಎಸೆದರು.

ಇವತ್ತು ಪೇಪರು ಮಡಿಸಿಟ್ಟು ಶೇವಿಂಗಿಗೆಂದು ಮಂಜುವಿನ ಅಂಗಡಿಗೆ ಹೋದೆ. ಅವನೂ ಸುದ್ದಿ ನೋಡಿದ್ದ. ಕತ್ತಿಯನ್ನು ನನ್ನ ಕುತ್ತಿಗೆಗೆ ಇಟ್ಟುಕೊಂಡೇ ಶುರುಮಾಡಿದ.

“ಏನ್ ಸಾರ್ ಇದು, ಮತ್ತೆ ಮುಂದಕ್ ಹಾಕಿದ್ರಂತೆ? ಎಲ್ಲಾ ರೆಡಿ ಇದ್ಮೇಲೆ ಬಿಡಕ್ಕೇನು ಇವ್ರಿಗೆ?”

ಹಳೆಯ ನಾನಾಗಿದ್ದರೆ ಗಾಳಿ, ಮೋಡ, ಇಂಧನ ಎಂದೆಲ್ಲ ಅರ್ಧ ಗಂಟೆ ಕೊರೆಯುತ್ತಿದ್ದೆ. “ನಂಗೊತ್ತಿಲ್ಲ ಮಂಜು” ಎಂದೆ. ಇಷ್ಟು ವರ್ಷಗಳಲ್ಲಿ ನನ್ನ ಬಾಯಲ್ಲಿ ಈ ಮಾತನ್ನು ಅವನು ಮೊದಲ ಸಲ ಕೇಳಿದ್ದು. “ಯಾರೋ ಒಬ್ಬ, ‘ಇದರ ಮ್ಯಾಲ ನಾ ಕೂಡಂಗಿಲ್ಲ’ ಅಂದಿರಬೇಕು. ಅನ್ಲಿ ಬಿಡು.”

ಮಂಜು ಕನ್ನಡಿಯಲ್ಲಿ ನನ್ನ ಮುಖ ನೋಡಿದ. ಆಮೇಲೆ ಕೈಯಲ್ಲಿದ್ದ ಕತ್ತಿ ನೋಡಿದ. ಅದರಿಂದ ಹಳೆಯ ಬ್ಲೇಡು ತೆಗೆದು ಬುಟ್ಟಿಗೆ ಹಾಕಿ, ಹೊಸದೊಂದರ ಕಾಗದ ಬಿಚ್ಚತೊಡಗಿದ.