ನಾಯನ ಬಿಚ್ಚದೆ ಬಂದ ಕಟ್ಟು

ದೆವ್ವ, ಪೀಡೆ, ಸತ್ತವರು ಬಂದು ನೀರು ಕೇಳಿದರು ಎಂಬ ಮಾತುಗಳನ್ನು ನಾನು ಎಂದೂ ನಂಬಿದವಳಲ್ಲ. ಶ್ರೀನಿವಾಸಪುರದ ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು ನಾನು. ಸ್ಟಾಫ್ ರೂಮಿನಲ್ಲಿ ಯಾರಾದರೂ ಇಂಥ ಕಥೆ ತೆಗೆದರೆ, "ಆಯ್ತು ಬಿಡಿ ಮೇಡಂ, ಟೀ ಆರ್ತಾ ಇದೆ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಒಂದನ್ನು ಹೇಳಹೊರಟಿದ್ದೇನೆ. ನಗುವುದಾದರೆ ನಕ್ಕುಬಿಡಿ, ನನಗೇನೂ ಬೇಸರವಿಲ್ಲ.

ನಮ್ಮದು ಗೌನಿಪಲ್ಲಿ ಕಡೆಯ ಹಳ್ಳಿ. ತೆಲುಗು ಕನ್ನಡ ಎರಡೂ ಕಲೆತ ಸೀಮೆ, ಅಪ್ಪನನ್ನು ನಾಯನ ಎನ್ನುತ್ತೇವೆ. ನಮ್ಮ ನಾಯನ ಮಾವಿಗೆ ಕಸಿ ಕಟ್ಟುವುದರಲ್ಲಿ ಹೆಸರುವಾಸಿ. ಮದುವೆಗೆ ಮುಂಚೆ ಒಬ್ಬ ಮಾವಿನ ವ್ಯಾಪಾರಿ ಅವರನ್ನು ಗೋವಾಕ್ಕೆ ಕರೆದುಕೊಂಡು ಹೋಗಿದ್ದನಂತೆ. ಅಲ್ಲಿ ಹೊಳೆಯ ನಡುವಿನ ದ್ವೀಪದಲ್ಲಿ ಹಳೇ ಕಾಲದ ಒಂದು ದೊಡ್ಡ ಮನೆ, ಅದರ ತೋಟದಲ್ಲಿ ಎರಡು ತಿಂಗಳ ಕೆಲಸ. ಕೊನೆಗೆ ಬಾವಿಯ ಪಕ್ಕದ ಮರದ ಒಂದು ಕೆಳಕೊಂಬೆಗೆ, ಊರಿಂದ ಒದ್ದೆ ಬಟ್ಟೆಯಲ್ಲಿ ತರಿಸಿಕೊಂಡ ರಸಪುರಿ ಕಡ್ಡಿಯನ್ನು ಕಟ್ಟಿದರು. ಗಾಳಿಗೆ ಅಲುಗದಿರಲೆಂದು ಮೇಲೆ ತಾಮ್ರದ ತಂತಿ ಸುತ್ತಿದರು. ಅಷ್ಟರಲ್ಲಿ ನಮ್ಮಜ್ಜಿಗೆ ಹುಷಾರಿಲ್ಲವೆಂದು ಸುದ್ದಿ ಬಂದು, ಅದೇ ಸಂಜೆ ಹೊರಟುಬಂದರು.

ಕಸಿ ಹಿಡಿದ ಮೇಲೆ ಕಟ್ಟು ಬಿಚ್ಚಬೇಕು. ಬಿಚ್ಚದಿದ್ದರೆ ಕೊಂಬೆ ದಪ್ಪವಾದಂತೆಲ್ಲ ತಂತಿ ಅದರ ಕುತ್ತಿಗೆ ಹಿಸುಕುತ್ತದೆ. ಅದನ್ನು ಬೇರೆಯವರು ಬಿಚ್ಚುವುದನ್ನೂ ನಾಯನ ಒಪ್ಪುತ್ತಿರಲಿಲ್ಲ.

"ಕಟ್ಟಿದ ಕೈನೇ ಬಿಚ್ಚಬೇಕು ಕಣಮ್ಮಾ. ಎಲ್ಲಾದೂ ಬಿಚ್ಚಿದೀನಿ, ಅದೊಂದು ಉಳ್ಕೊಂಡ್ಬಿಡ್ತು. ಒಂದ್ಸಲ ಕರ್ಕೊಂಡು ಹೋಗೇ" ಎನ್ನುತ್ತಿದ್ದರು.

ನಾನು ಏನು ಹೇಳುತ್ತಿದ್ದೆ ಗೊತ್ತೇ? "ಸೀಸನ್ ಮುಗೀಲಿ ನಾಯನಾ." ನನಗೆ ರಜೆ ಸಿಗುವುದು ಮೇ ತಿಂಗಳಲ್ಲಿ, ಆಗ ನಮ್ಮ ತೋಟದಲ್ಲಿ ಕಾಯಿ ಇಳಿಸುವ ಗಡಿಬಿಡಿ. ಕಾಯಿ ಮುಗಿಯುವ ಹೊತ್ತಿಗೆ ಅಲ್ಲಿ ಜಡಿಮಳೆ. ದಸರೆಗೆ ಎಂದರೆ ಉಳುಮೆ, ಸಂಕ್ರಾಂತಿಗೆ ಎಂದರೆ ಹೂವಿಗೆ ಔಷಧಿ. ಮಾವಿನ ತೋಟ ಇಟ್ಟುಕೊಂಡವರಿಗೆ ನೆಪಗಳಿಗೇನು ಬರ! ಹೀಗೆ ಹನ್ನೊಂದು ವರ್ಷ ಸಾಗಹಾಕಿದೆ. ಒಂದು ಕಾರ್ತೀಕ ಮಾಸದ ಬೆಳಿಗ್ಗೆ ನಾಯನ ಕಾಫಿ ಲೋಟ ಕೆಳಗಿಟ್ಟವರು ಮತ್ತೆ ಏಳಲಿಲ್ಲ.

ಮರುವರ್ಷ ಮೇ ತಿಂಗಳಲ್ಲಿ, ಸೀಸನ್ ಮಧ್ಯದಲ್ಲೇ, ಅವರ ಕಸಿ ಚಾಕುವನ್ನೂ ಒಂದು ಇಕ್ಕುಳವನ್ನೂ ಬ್ಯಾಗಿಗೆ ಹಾಕಿಕೊಂಡು ಒಬ್ಬಳೇ ಹೊರಟೆ. ಅವರ ಕೈಯಲ್ಲದಿದ್ದರೆ ಅವರ ಮಗಳ ಕೈ, ಅಷ್ಟೇ ನನ್ನ ಲೆಕ್ಕ. ಕೋಲಾರದ ಮೇಲೆ ಬೆಂಗಳೂರು ಸೇರಿ ರೈಲು ಹತ್ತಿದೆ. ಬೆಳಕು ಹರಿದಾಗ ರೈಲು ಸುರಂಗಗಳಲ್ಲಿ ನುಗ್ಗುತ್ತ ಘಟ್ಟ ಇಳಿಯುತ್ತಿತ್ತು. ಬಂಡೆಯ ಮೇಲೆ ಸಣ್ಣಗೆ ಇಳಿಯುತ್ತಿದ್ದ ಜಲಪಾತ ಕಂಡಾಗ, ಕಿಟಕಿ ಪಕ್ಕದ ಸೀಟು ನಾಯನನಿಗೆ ಬಿಟ್ಟುಕೊಡಬೇಕಾಗಿತ್ತಲ್ಲ ಎನ್ನಿಸಿತು. ಹಳೆಯ ಗೋವಾದ ದೊಡ್ಡ ದೊಡ್ಡ ಚರ್ಚುಗಳನ್ನು ಬಸ್ಸಿನಿಂದಲೇ ನೋಡಿ ಫೆರಿ ಕಟ್ಟೆಗೆ ಬಂದೆ.

ಫೆರಿ ನಿಂತಿತ್ತು. ಹತ್ತಬೇಕು ಎನ್ನುವಷ್ಟರಲ್ಲಿ ಊರಿನ ಮಂಡಿಯವನ ಫೋನು. "ಲೋಡು ಯಾವಾಗ ಕಳಿಸ್ತೀರ ಮೇಡಂ?" ಅವನೊಡನೆ ಮಾತಾಡುತ್ತ ನಿಂತೆ. ಮಾತು ಮುಗಿಸಿ ತಿರುಗಿದರೆ ಫೆರಿ ಹೊಳೆಯ ಮಧ್ಯದಲ್ಲಿತ್ತು. ಇನ್ನೊಂದಕ್ಕೆ ಅರ್ಧ ಗಂಟೆ ಕಾದೆ.

ನಾಯನ ನೂರು ಸಲ ಹೇಳಿದ್ದ ದಾರಿ. ಬಿಳಿ ಚರ್ಚಿನ ಬಲಕ್ಕೆ ತಿರುಗಿ ಮೂರನೆಯ ಮನೆ, ಕಿಟಕಿಗೆ ಗಾಜಿನ ಬದಲು ಚಿಪ್ಪಿನ ಬಿಲ್ಲೆಗಳು. ಗೇಟಿಗೆ ಬೀಗ. ಕೂಗಿದಾಗ ಬಂದವಳು ಗದಗದ ಕಡೆಯ ಶಾಂತವ್ವ. ಯಜಮಾನರು ಮುಂಬೈಯಲ್ಲಿ, ಮನೆ ನೋಡಿಕೊಳ್ಳುವವಳು ಅವಳೊಬ್ಬಳೇ. ನನ್ನ ಕನ್ನಡ ಕೇಳಿ ಹಿಗ್ಗಿ, "ಬರ್ರಿ ಅಕ್ಕಾರ, ಒಳಗ ಬರ್ರಿ" ಎಂದು ಸೊಂಟದ ಕೀಲಿಯಿಂದ ಬೀಗ ತೆಗೆದಳು. ಬಂದ ಕಾರಣ ಹೇಳಿದೆ.

"ಆ ತಂತೀನ? ಐತ್ರೀ! ಗಿಡದಾಗ ಹೂತು ಹೋಗೇತಿ, ತುದಿಯಷ್ಟ ಹೊರಗೈತಿ. ದಿನಾ ನಾ ಅದಕ್ಕ ಅರಬಿ ಒಣಗಿಸೋ ಹಗ್ಗಾ ಸಿಗಸ್ತೀನಿ. ಈಗ ಅರ್ಧಾ ತಾಸಿನ ಹಿಂದ ಸಿಗಸಿ ಬಂದೀನಿ."

ಬಾವಿಯ ಹತ್ತಿರ ಹೋದೆವು. ಮರದ ತುಂಬ ಅಲ್ಲಿಯದೇ ಜಾತಿಯ ಕಾಯಿ, ಆ ಒಂದು ಕೆಳಕೊಂಬೆಯ ತುಂಬ ಮಾತ್ರ ನಮ್ಮೂರ ರಸಪುರಿ. ಬದುಕಿತ್ತು! ಕುಣಿಯುವಷ್ಟು ಸಂತೋಷವಾಯಿತು. ಇಕ್ಕುಳ ತೆಗೆದು ಹತ್ತಿರ ಹೋದೆ. ತಂತಿ ಇರಲಿಲ್ಲ.

ಕೊಂಬೆಯ ಸುತ್ತ ಬೆರಳು ಆಳದ ಕಚ್ಚು, ಅದರಿಂದ ಹಸಿ ಸೊನೆ ತೊಟ್ಟಿಕ್ಕುತ್ತಿತ್ತು. ಬಟ್ಟೆಯ ಹಗ್ಗವನ್ನು ಯಾರೋ ಪಕ್ಕದ ಕೊಂಬೆಗೆ ಬದಲಾಯಿಸಿ ಕಟ್ಟಿದ್ದರು. ಒಂದು ಸೀರೆಯೂ ನೆಲಕ್ಕೆ ಬಿದ್ದಿರಲಿಲ್ಲ. ಬಾವಿಕಟ್ಟೆಯ ಮೇಲೆ ತಾಮ್ರದ ತಂತಿ, ಎಲ್ಲೂ ತುಂಡಾಗದೆ, ಹೆಬ್ಬೆರಳಿಗೆ ಸುತ್ತಿ ತೆಗೆದು ನಡುವಿಗೆ ಎರಡು ಸುತ್ತು ಬಿಗಿದ ಪುಟ್ಟ ಸಿಂಬಿಯಾಗಿ ಕೂತಿತ್ತು. ನಮ್ಮ ಮನೆಯ ಗೂಡಿನಲ್ಲಿ ಅಂಥ ಸಿಂಬಿಗಳು ಇವತ್ತಿಗೂ ಒಂದು ಡಬ್ಬಿ ತುಂಬ ಇವೆ. ನಾಯನ ಬಿಚ್ಚಿದ ದಾರವನ್ನಾಗಲಿ ತಂತಿಯನ್ನಾಗಲಿ ಬೇರೆ ಥರ ಸುತ್ತಿಟ್ಟಿದ್ದನ್ನು ನಾನು ನೋಡಿಲ್ಲ.

"ಅಯ್ಯ ನಮ್ಮವ್ವ, ಯಾರ್ ಬಂದಿದ್ರರೀ? ಕೀಲಿ ನನ್ನ ಹಂತೇಕ ಐತಿ!" ಎಂದು ಶಾಂತವ್ವ ಕಂಪೌಂಡಿನ ಸುತ್ತ ಓಡಾಡಿ ನೋಡಿದಳು. ಯಾರೂ ಇರಲಿಲ್ಲ.

ವಿಜ್ಞಾನದ ಟೀಚರ್ ಅಲ್ಲವೇ, ಯೋಚಿಸದೆ ಬಿಟ್ಟೇನೇ? ಕೋತಿ ಎನ್ನೋಣ ಎಂದರೆ ಕೋತಿ ಸಿಂಬಿ ಸುತ್ತುವುದಿಲ್ಲ. ಪಕ್ಕದ ಮನೆಯವರು ಎನ್ನೋಣ ಎಂದರೆ, ಅಷ್ಟು ವರ್ಷ ಹೂತಿದ್ದ ತಂತಿಯನ್ನು ಕತ್ತರಿಸದೆ ಅರ್ಧ ಗಂಟೆಯಲ್ಲಿ ಬಿಚ್ಚುವುದು ನನಗೆ ತಿಳಿದಂತೆ ಸಾಧ್ಯವಿಲ್ಲ. ಶಾಂತವ್ವ ಸುಳ್ಳು ಹೇಳಿದಳೇ? ಅವಳಿಗೆ ಆ ಸಿಂಬಿ ಸುತ್ತಲು ಹೇಳಿಕೊಟ್ಟವರು ಯಾರು? ಇಲ್ಲಿಗೆ ಬಂದು ನನ್ನ ಬುದ್ಧಿ ನಿಂತುಹೋಗುತ್ತದೆ.

ತಂತಿ ಈಗ ನನ್ನ ಮೇಜಿನ ಡ್ರಾಯರಿನಲ್ಲಿದೆ. ಅದನ್ನು ಮುಟ್ಟಿದಾಗ ಭಯವೇನೂ ಆಗುವುದಿಲ್ಲ. ಬಂದವರು ಒಂದು ಫೆರಿಯಷ್ಟು ಹೊತ್ತು ಕಾಯಬಾರದಿತ್ತೇ ನಾಯನಾ, ಎಂದು ಕೇಳಿಬಿಡುತ್ತೇನೆ. ಹನ್ನೊಂದು ವರ್ಷ ಕಾಯಿಸಿದವಳು ನಾನೇ ಎಂಬುದು ಆಮೇಲೆ ನೆನಪಾಗುತ್ತದೆ.