ಗಜಲಕ್ಷ್ಮಿ ಬಿಲ್ಲೆಯ ಹಿಂಬದಿ

ಮಂಡ್ಯದ ಕಾಂಪೌಂಡು ಗೋಡೆಗಳ ಮೇಲೆ ಇಂದು ಕಾಣುವ ದೇವರುಗಳಲ್ಲಿ ಹೆಚ್ಚಿನವರು ಅಲ್ಲಿಗೆ ಬಂದಿರುವುದು ಭಕ್ತಿಯಿಂದಲ್ಲ, ಮೂತ್ರದ ಭಯದಿಂದ. ಗಣಪತಿ, ಶಿಲುಬೆ, ಕಾಬಾ ಮೂರನ್ನೂ ಸಾಲಾಗಿ ಅಂಟಿಸಿ, ಯಾವ ಮತದವನೂ ಅಲ್ಲಿ ಪಂಚೆ ಎತ್ತದಂತೆ ಕಾವಲು ಹಾಕಿರುತ್ತಾರೆ. ಈ ಕಾವಲುಗಾರರನ್ನು ನಾನು ನನ್ನ ಪುಸ್ತಕಕ್ಕೆ ಸೇರಿಸಿಕೊಳ್ಳುವುದಿಲ್ಲ. ನಾನು ದಾಖಲಿಸುತ್ತಿರುವುದು ಹಳೆಯ ಮನೆಗಳ ಬಾಗಿಲ ಮೇಲಿರುವ, ದೇವರ ಚಿತ್ರದ ಪಿಂಗಾಣಿ ಬಿಲ್ಲೆಗಳನ್ನು ಮಾತ್ರ.

ಏಣಿ ಹತ್ತಿ, ಬಿಲ್ಲೆಯ ಮೇಲೆ ಬಟರ್ ಪೇಪರ್ ಹಿಡಿದು ಪೆನ್ಸಿಲಿನಲ್ಲಿ ಗೆರೆ ಎಳೆದುಕೊಳ್ಳುತ್ತೇನೆ. ಮನೆಯವರು ಹೇಳುವ ಕಥೆಯನ್ನು ಎಡಪುಟದಲ್ಲಿಯೂ ನನ್ನ ಅನುಮಾನವನ್ನು ಬಲಪುಟದಲ್ಲಿಯೂ ಬರೆಯುತ್ತೇನೆ. ಬಲಪುಟಗಳು ಬೇಗ ತುಂಬುತ್ತವೆ. ಮದ್ದೂರಿನಿಂದ ಮಳವಳ್ಳಿಯವರೆಗೆ ಯಾವ ಮನೆಯಲ್ಲಿ ಕೇಳಿದರೂ ಬಿಲ್ಲೆ ಕೊಟ್ಟವರು ಮಹಾರಾಜರೇ. ಇಷ್ಟೊಂದು ಬಿಲ್ಲೆ ಹಂಚಿದ ದೊರೆಗೆ ರಾಜ್ಯವಾಳಲು ಬಿಡುವೆಲ್ಲಿತ್ತು ಎಂದು ಯಾರೂ ಯೋಚಿಸಿದಂತಿಲ್ಲ.

ಮಳವಳ್ಳಿಯಲ್ಲಿ, ನನಗಿಂತ ಒಂದೆರಡು ವರ್ಷ ಹಿರಿಯರಾದ ಹೆಂಗಸೊಬ್ಬರ ಮನೆಯ ಬಾಗಿಲ ಮೇಲೆ ಒಂದು ಗಜಲಕ್ಷ್ಮಿ ಇತ್ತು. ಅದರ ಆನೆಗಳನ್ನು ಬರೆದವನು ಆನೆ ಕಂಡವನಲ್ಲ. ಅವು ಸೊಂಡಿಲು ಬಂದ ಎಮ್ಮೆಗಳು. ಅರಮನೆಯಿಂದ ಸಿಕ್ಕ ಆ ಬಿಲ್ಲೆಯನ್ನು ತಮ್ಮ ತಾತ, ಮನೆ ಕಟ್ಟಿದಾಗಲೇ, ಕೈಯಾರೆ ಕೂರಿಸಿದರೆಂದು ಆಕೆ ಹೇಳಿದರು. ತಾತನದೆಂದು ಉಳಿದಿದ್ದುದು ಅದೊಂದೇ. ಫೋಟೋ ಕೂಡ ಇರಲಿಲ್ಲ. ಆದರೆ ಬಿಲ್ಲೆಯ ಸುತ್ತಲಿನ ಸಿಮೆಂಟಿನ ಅಂಚು ನನ್ನ ಕಣ್ಣಿಗೆ ಬಿತ್ತು. ಮನೆಯೋ ಸುಣ್ಣದ ಗಾರೆಯದು. ಬಿಲ್ಲೆ ತಾತನ ಕಾಲದ್ದಲ್ಲ, ಮನೆಯಾದ ಎಷ್ಟೋ ವರ್ಷಗಳ ಮೇಲೆ ಯಾರೋ ಅಂಟಿಸಿದ್ದು ಎಂದು, ಅಂದು ಮನೆಗೆ ಬಂದಿದ್ದ ಆಕೆಯ ಬೀಗರ ಎದುರಿಗೇ ತೀರ್ಪು ಕೊಟ್ಟೆ. ನಾನು ಅರ್ಧ ಕುಡಿದಿದ್ದ ಕಾಫಿ ಲೋಟವನ್ನು ಆಕೆ ಎತ್ತಿಕೊಂಡು ಒಳಗೆ ಹೋದರು.

ಕಳೆದ ವರ್ಷ ಆ ಮುಂಗೋಡೆ ಬಿರುಕುಬಿಟ್ಟಿತು. ಕೆಡವಿ ಕಟ್ಟದೆ ಬೇರೆ ದಾರಿಯಿರಲಿಲ್ಲ. ಬಿಲ್ಲೆಯನ್ನು ಮುರಿಯದೆ ಬಿಡಿಸಿ ಹೊಸ ಗೋಡೆಗೆ ಕೂರಿಸಬೇಕೆಂಬುದು ಆಕೆಯ ಹಟ. ಹಳೆಯ ಗಾರೆ ಕೆಲಸ ಬಲ್ಲ ಮುಸಲ್ಮಾನ ಮೇಸ್ತ್ರಿಯೊಬ್ಬರನ್ನು ಮದ್ದೂರಿನಿಂದ ಕರೆಸಿದ್ದರು. ನನಗೂ ಹೇಳಿಕಳುಹಿಸಿದರು, ಪ್ರೀತಿಯಿಂದಲ್ಲ.

ಮೇಸ್ತ್ರಿ ಬೆರಳ ಗೆಣ್ಣಿನಿಂದ ಬಿಲ್ಲೆಯನ್ನು ತಟ್ಟಿ ನೋಡಿ ನನ್ನತ್ತ ತಿರುಗಿದರು. "ಗಾರೇಲಿ ಕೂರ್ಸಿದ್ರೆ ಇಡೀದಾಗ್ ಕೈಗೆ ಬತ್ತದೆ ಸಾರ್. ನೀವೇಳ್ದಂಗೆ ಸಿಮೆಂಟಾಗಿದ್ರೆ ಚೂರ್ ಚೂರೇ."

"ಕೇಳುಸ್ಕಂಡ್ರಾ ಮೇಷ್ಟ್ರೇ?" ಎಂದರು ಆಕೆ. ನಾನು ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ, ಶಾಲೆಯಲ್ಲಿ ಕಲಿತದ್ದೂ ಅಷ್ಟಕ್ಕಷ್ಟೇ. ಅದು ಆಕೆಗೆ ಚೆನ್ನಾಗಿ ಗೊತ್ತಿತ್ತು. "ನಿಮ್ ಮಾತು ನಿಜ ಆದ್ರೆ ನಮ್ ಲಕ್ಷ್ಮಿ ಓಯ್ತಾಳೆ. ನಿಂತ್ಕಂಡು ನೋಡಿ."

ನನ್ನ ಮಾತು ಸುಳ್ಳಾಗಲಿ ಎಂದು ನಾನು ಬಯಸಿದ್ದು ಈ ಆಯುಸ್ಸಿನಲ್ಲಿ ಅದೇ ಮೊದಲು. ದೇವರನ್ನು ಬೇಡುವ ಅಭ್ಯಾಸ ನನಗಿಲ್ಲ. ಬೇಡೋಣವೆಂದರೂ ಎದುರಿಗಿದ್ದ ದೇವಿಯೇ ಅಪಾಯದಲ್ಲಿದ್ದಳು.

ಮೇಸ್ತ್ರಿ ಸಿಮೆಂಟಿನ ಅಂಚನ್ನು ಉಳಿಯಿಂದ ಸುತ್ತಲೂ ಕೆತ್ತಿದರು. ಅದು ಬೆರಳಗಲವೂ ಒಳಕ್ಕಿಳಿದಿರಲಿಲ್ಲ. ಮಳೆನೀರು ಇಳಿಯದಿರಲೆಂದು ಯಾರೋ ಯಾವಾಗಲೋ ಮೆತ್ತಿದ್ದು. ಅದರ ಹಿಂದಿನಿಂದ ಬೆಳ್ಳಗೆ, ಪುಡಿಪುಡಿಯಾಗಿ ಗಾರೆ ಉದುರಿತು. ತೆಳುವಾದ ಗರಗಸದ ಅಲಗನ್ನು ತೂರಿಸಿ ಬಹಳ ಹೊತ್ತು ಆಡಿಸಿದ ಮೇಲೆ, ಗಜಲಕ್ಷ್ಮಿ ಎರಡು ಎಮ್ಮೆಗಳ ಸಮೇತ ಇಡಿಯಾಗಿ ಅವರ ಅಂಗೈಗೆ ಇಳಿದಳು. ಆಕೆ ಸೆರಗಿನಿಂದ ಧೂಳೊರೆಸಿದರು. ಅಳುತ್ತಿದ್ದರೋ ಏನೋ, ನಾನು ನೋಡಲು ಹೋಗಲಿಲ್ಲ.

ಬಿಲ್ಲೆಯನ್ನು ತಿರುಗಿಸಿದೆ. ಜಪಾನಿನಲ್ಲಿ ತಯಾರಾದದ್ದೆಂದು ಹಿಂಬದಿಯಲ್ಲಿ ಇಂಗ್ಲಿಷಿನ ಉಬ್ಬಕ್ಷರಗಳಿದ್ದವು. ಆನೆಗಳ ಸಂಗತಿ ಆಗ ಅರ್ಥವಾಯಿತು. ಅದನ್ನು ಓದಿ ಹೇಳಿ, ಅರಮನೆಯ ಕಥೆಯಾದರೂ ಬಿದ್ದುಹೋಯಿತೆಂದು ಸ್ವಲ್ಪ ಚೇತರಿಸಿಕೊಂಡೆ.

"ಮಾರಾಜ್ರು ಜಪಾನಿಂದ ತರುಸ್ಕೊಟ್ರು. ಬರ್ಕಳಿ," ಎಂದರು ಆಕೆ, ಕ್ಷಣವೂ ತಡಮಾಡದೆ.

ಎಡಪುಟದಲ್ಲಿ ಬರೆದುಕೊಂಡೆ.

ಹೊಸ ಗೋಡೆ ಎದ್ದ ಮೇಲೆ, ಬಿಲ್ಲೆ ಕೂರಿಸುವ ದಿನವೂ ಹೋದೆ. ಮೇಸ್ತ್ರಿ ಸಿಮೆಂಟು ಕಲಸುತ್ತಿದ್ದರು. ಗಾರೆಯಲ್ಲೇ ಕೂರಿಸಿರೆಂದು ಬೇಡಿಕೊಂಡೆ. ಮುಂದೆ ನನ್ನಂಥವನೊಬ್ಬ ಬಂದು ಕೆದಕಿದರೆ ತಳದವರೆಗೂ ಸಿಮೆಂಟೇ ಸಿಗುತ್ತದೆ, ತಾತನ ಕೈಕೆಲಸಕ್ಕೆ ಆಗ ಸಾಕ್ಷಿಯೇ ಇರುವುದಿಲ್ಲ ಎಂದೆ. ಗಾರೆ ಅರೆಯುವ ಗಾಣವನ್ನು ನೀವೇ ಹುಡುಕಿಕೊಡಿ ಎಂದು ಮೇಸ್ತ್ರಿ ನಕ್ಕರು.

ಆಕೆ ಒಳಗಿನಿಂದ ಒಂದು ಮೊಳೆ ತಂದು ನನ್ನ ಕೈಗಿತ್ತರು. ಮನೆ ಕಟ್ಟಿದ ಇಸವಿಯನ್ನು ಹಸಿ ಸಿಮೆಂಟಿನಲ್ಲಿ ಗೀಚುವುದು ನಮ್ಮ ಕಡೆಯ ರೂಢಿ. ಬಿಲ್ಲೆಯ ಕೆಳಗಿನ ಅಂಚಿನಲ್ಲಿ ನಾನು ಗೀಚಿದೆ: ಬಿಲ್ಲೆ ಹಳೆಯದು, ಸಿಮೆಂಟು ಹೊಸದು.

ಆಕೆ ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು. "ಮೊದ್ಲು ತಪ್ಪೇಳ್ದೋರ್ ಯಾರು ಅಂತ ಇಲ್ವಲ್ಲ."

ಜಾಗ ಸಾಲದು ಎಂದೆ.

"ಜಾಗ ಅದೆ ಬುಡಿ," ಎಂದರು ಮೇಸ್ತ್ರಿ, ಕರಣೆಯಿಂದ ಅಂಚನ್ನು ಇನ್ನೆರಡು ಬೆರಳು ಕೆಳಕ್ಕೆ ಎಳೆಯುತ್ತ. "ಸಿಮೆಂಟು ಇನ್ನೂ ಅಸಿಯಾಗೇ ಅದೆ. ಬರೀರಿ ಸಾರ್."

ಬರೆದ ಮೇಲೆಯೇ ಕಾಫಿ ಬಂತು.